ಅಕ್ಕನ ಮಂಡಿ, ತಮ್ಮನ ಓಟ

ಗೋಡೆಗೆ ಎರಡೂ ಕೈ ಕೊಟ್ಟು, ಒಂದು ಕಾಲನ್ನು ಹಿಂದಕ್ಕೆ ಚಾಚಿ, ತಲೆ ತಗ್ಗಿಸಿ ಏದುಸಿರು ಬಿಡುವ ಐವತ್ತೆರಡು ವರ್ಷದ ಗಂಡಸನ್ನು ಬೆಳಗಿನ ಆರೂವರೆಗೆ ಕಂಡರೆ ಯಾರಿಗಾದರೂ ಏನನ್ನಿಸಬೇಕು? ಬೀದಿಯ ಕೊನೇ ಮನೆಯ ಮೇಷ್ಟ್ರಿಗೂ ಅದೇ ಅನ್ನಿಸಿತು. ಎಂಟು ಕಿಲೋಮೀಟರ್ ಓಡಿ ಬಂದು, ಅವರ ಕಾಂಪೌಂಡಿಗೆ ಒರಗಿ ಮೀನಖಂಡ ಸಡಿಲಿಸಿಕೊಳ್ಳುತ್ತಿದ್ದ ಗುಮಾಸ್ತ "ಏನಿಲ್ಲ ಸಾರ್, ವ್ಯಾಯಾಮ" ಎನ್ನುವಷ್ಟರಲ್ಲಿ ಮೇಷ್ಟ್ರು ಅವನ ಎದೆ ನೀವತೊಡಗಿದ್ದರು. ಮೇಷ್ಟ್ರ ಹೆಂಡತಿ ನೀರಿನ ಚೊಂಬಿನೊಂದಿಗೆ ಓಡಿ ಬಂದಿದ್ದರು. ಬೇಡ ಎಂದಷ್ಟೂ ಅವರ ಅನುಮಾನ ಬಲವಾಯಿತು; ಮೇಷ್ಟ್ರ ಷಡ್ಡಕರೂ ಕೊನೆಗಳಿಗೆಯಲ್ಲಿ ಹೀಗೇ "ಏನಿಲ್ಲ, ಏನಿಲ್ಲ" ಅಂದಿದ್ದರಂತೆ. ಗಂಡ ಹೆಂಡತಿ ಆಚೆಗೊಂದು ಈಚೆಗೊಂದು ರಟ್ಟೆ ಹಿಡಿದು, ಗಿಡ್ಡ ಚಡ್ಡಿಯ ಗುಮಾಸ್ತನನ್ನು ಬೀದಿಯುದ್ದಕ್ಕೂ ಮೆರವಣಿಗೆ ಮಾಡಿಸಿ, ಅವನ ಅಕ್ಕನ ಮನೆಗೆ ಮುಟ್ಟಿಸಿದರು.

ಮಾನ ಹೋದದ್ದು ಹೋಗಲಿ. ಬಾಗಿಲು ತೆರೆದದ್ದು ಅಕ್ಕ. ಮಂಡಿಯ ಆಪರೇಷನ್ ಆಗಿ ಆರು ವಾರವಾಗಿದ್ದ ಅಕ್ಕ, ಬೀದಿಯ ಗದ್ದಲ ಕೇಳಿ ವಾಕರ್ ನೂಕಿಕೊಂಡು, ತುಟಿ ಕಚ್ಚಿಕೊಂಡು, ಹಾಸಿಗೆಯಿಂದ ಬಾಗಿಲ ತನಕ ಬಂದಿದ್ದಳು. ಬಲಗಾಲು ಒನಕೆಯ ಹಾಗೆ ನೆಟ್ಟಗಿತ್ತು.

"ಹಾಲೆಲ್ಲೋ ಪುಟ್ಟ?" ಎಂದಳು.

ಹಾಲು ತರುತ್ತೇನೆಂದು ಹೊರಟವನು ಒಂದು ಗಂಟೆಯ ಮೇಲೆ ಬರಿಗೈಯಲ್ಲಿ ಬಂದಿದ್ದ.

ಅವನು ಬಂದದ್ದು ಓಡುವುದಕ್ಕಲ್ಲ. ಅಕ್ಕನ ಮಗಳು ಆಫೀಸಿನ ಕೆಲಸಕ್ಕೆ ಒಂದು ವಾರ ಹೊರಗೆ ಹೋಗಬೇಕಾಗಿತ್ತು. "ಮಾವ, ಅಡುಗೆ ನಾನು ಹೇಗೋ ಹೊಂದಿಸಿದ್ದೀನಿ. ನೀವು ಅಮ್ಮನ ಮಂಡಿ ಬಗ್ಗಿಸಿದ್ರೆ ಸಾಕು" ಎಂದು ಹೇಳಿ, ಫ್ರಿಜ್ಜಿನ ಮೇಲೆ ವ್ಯಾಯಾಮದ ಚೀಟಿ ಅಂಟಿಸಿ ಹೋಗಿದ್ದಳು. ಮಂಡಿ ಎಪ್ಪತ್ತು ಡಿಗ್ರಿಗೆ ಬಂದು ನಿಂತುಬಿಟ್ಟಿತ್ತು. ಶನಿವಾರ ತೋರಿಸುವ ಹೊತ್ತಿಗೆ ತೊಂಬತ್ತರ ಹತ್ತಿರ ಬರದಿದ್ದರೆ ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ದು, ಪ್ರಜ್ಞೆ ತಪ್ಪಿಸಿ, ಒತ್ತಿ ಬಗ್ಗಿಸಬೇಕಾಗುತ್ತದೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಇತ್ತ ಗುಮಾಸ್ತನ ಸೂಟ್‌ಕೇಸಿನ ಮುಚ್ಚಳದೊಳಗೂ ಒಂದು ಚೀಟಿ ಇತ್ತು: ಬರುವ ಭಾನುವಾರವಲ್ಲ, ಅದರ ಮುಂದಿನ ಭಾನುವಾರದ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ದಿನಕ್ಕಿಷ್ಟು ಎಂದು. ಎರಡು ಚೀಟಿಗಳಲ್ಲಿ ಅವನು ಯಾವುದಕ್ಕೆ ನಿಷ್ಠನಾಗಿದ್ದನೆಂದು ಮೇಷ್ಟ್ರ ಕಾಂಪೌಂಡು ಸಾಕ್ಷಿ ಹೇಳುತ್ತದೆ. ಬಂದ ನಾಲ್ಕು ದಿನವೂ ಓಡಿ ಬಂದು, ಸ್ನಾನ ಮಾಡಿ, "ಆಯ್ತಾ ಅಕ್ಕ?" ಎನ್ನುತ್ತಿದ್ದ. "ಆಯ್ತು" ಎನ್ನುತ್ತಿದ್ದಳು. ಫ್ರಿಜ್ಜಿನ ಚೀಟಿಗೆ ಒಂದು ಗುರುತು ಹಾಕಿ, ಧರ್ಮಾತ್ಮನಂತೆ ತಿಂಡಿಗೆ ಕೂರುತ್ತಿದ್ದ.

ಆದರೆ ಅಕ್ಕ ಹಾಗೆ ಸುಮ್ಮನೆ "ಆಯ್ತು" ಎನ್ನುವವಳಲ್ಲ. ಗಾರ್ಮೆಂಟ್ಸ್ ಕಾರ್ಖಾನೆಯ ಚೆಕಿಂಗ್ ಟೇಬಲ್ಲಿನಲ್ಲಿ ಮೂವತ್ತೆಂಟು ವರ್ಷ ಶರ್ಟುಗಳ ಹೊಲಿಗೆ ನೋಡಿದವಳು. ಕಾಲರು ಒಂದೆಳೆ ಓರೆಯಾಗಿದ್ದರೂ ಮಾತಿಲ್ಲದೆ ಹಿಂದಕ್ಕೆ ಎಸೆಯುತ್ತಿದ್ದಳು. ಹೊಲಿಯುವವರೆಲ್ಲ ಅವಳನ್ನು 'ಎಕ್ಸರೇ' ಎನ್ನುತ್ತಿದ್ದರು. ಸೂಪರ್‌ವೈಸರನ ಮದುವೆಯ ಹಿಂದಿನ ದಿನ ಅವನ ಅಂಗಿಯನ್ನೇ ವಾಪಸು ಕಳಿಸಿದ್ದಳು. ಆ ಟೇಬಲ್ಲಿಗೆ ಕುರ್ಚಿ ಇರಲಿಲ್ಲ. ಅಪ್ಪ ಹೋದ ವರ್ಷ ಅವಳು ಅಲ್ಲಿ ನಿಂತಾಗ ತಮ್ಮನಿಗೆ ಹನ್ನೊಂದು. ಅವನು ಶಾಲೆಯ ಮೈದಾನದಲ್ಲಿ ಸುತ್ತು ಹೊಡೆಯುತ್ತಿದ್ದ. ಅವಳು ನಿಂತಿದ್ದರಿಂದ ಇವನು ಓಡಿದ. ಓಡಿದವನ ಮಂಡಿ ಗಟ್ಟಿಯಾಗಿಯೇ ಉಳಿಯಿತು, ನಿಂತವಳದು ಸವೆಯಿತು.

ಮೆರವಣಿಗೆಯಾದ ಆ ಬುಧವಾರ ಮಧ್ಯಾಹ್ನ ಅವನು ಫ್ರಿಜ್ಜಿನ ಚೀಟಿ ಕಿತ್ತು ತಂದು ಅವಳ ಮುಂದೆ ಕೂತ.

"ನಿಜ ಹೇಳಕ್ಕ, ಎಷ್ಟು ಸಲ ಬಗ್ಗಿಸಿದೆ?"

"ಒಂದ್ಸಲಾನೂ ಇಲ್ಲ."

"ಮತ್ತೆ ಆಯ್ತು ಆಯ್ತು ಅಂದ್ಯಲ್ಲ?"

"ಇಲ್ಲ ಅಂದಿದ್ರೆ ನೀನು ಓಡ್ತಿರ್ಲಿಲ್ಲ." ಆಮೇಲೆ, ಅಂಗಿಯ ಗುಂಡಿ ಸಡಿಲವಾಗಿದೆ ಎನ್ನುವಷ್ಟೇ ತಣ್ಣಗಿನ ಧ್ವನಿಯಲ್ಲಿ, "ತುಂಬಾ ನೋಯುತ್ತೆ ಕಣೋ. ಒಬ್ಳೇ ಮಾಡೋಕೆ ಭಯ" ಎಂದಳು.

ಜನ್ಮದಲ್ಲಿ ಒಂದು ಕೆಟ್ಟ ಪೀಸನ್ನು ದಾಟಿಸದವಳು ತಮ್ಮನಿಗಾಗಿ ನಾಲ್ಕು ಸುಳ್ಳು 'ಆಯ್ತು'ಗಳನ್ನು ದಾಟಿಸಿದ್ದಳು. ಗುಮಾಸ್ತನಿಗೆ ನಿಜವಾಗಿಯೂ ಎದೆ ಹಿಂಡಿದಂತಾಯಿತು. ಈಗ ಮೇಷ್ಟ್ರು ಹತ್ತಿರವಿರಲಿಲ್ಲ. ಶೂಗಳನ್ನು ಸೂಟ್‌ಕೇಸಿನ ತಳಕ್ಕೆ ತುರುಕಿ, ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಪಾದ ಸಲೀಸಾಗಿ ಜಾರಲೆಂದು ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಎದುರಿಗೆ ಕೈಕಟ್ಟಿ ಕೂತ. ಪಾದ ಅಲುಗಲಿಲ್ಲ.

"ಸಾವಿಗೆ ಬಂದೋನ ಥರ ಕೂತಿದ್ರೆ ನನಗೆ ಬಗ್ಗಲ್ಲ" ಎಂದಳು ಅಕ್ಕ. "ಓಡು."

"ಎಲ್ಲಿಗೆ?"

"ಇಲ್ಲೇ. ಬಾಗಿಲಿಂದ ಅಡುಗೆಮನೆ ಗೋಡೆವರೆಗೆ. ನೀನೊಂದ್ಸಲ ಮುಟ್ಟಿ ಬಂದ್ರೆ ನಾನೊಂದ್ಸಲ ಕಾಲು ಎಳ್ಕೋತೀನಿ. ನೀನು ನಿಂತ್ರೆ ನಾನೂ ನಿಲ್ತೀನಿ."

ಹದಿಮೂರು ಹೆಜ್ಜೆ ಆಚೆ, ಹದಿಮೂರು ಹೆಜ್ಜೆ ಈಚೆ. ಬರಿಗಾಲಲ್ಲಿ ಗುಮಾಸ್ತ ಓಡಿದ. ಪ್ರತಿ ಸುತ್ತಿಗೂ ಪ್ಲಾಸ್ಟಿಕ್ಕು ಸರ್ ಎನ್ನುತ್ತಿತ್ತು, ಅದರ ಹಿಂದೆಯೇ ಹಲ್ಲು ಕಚ್ಚಿದ ಒಂದು ಉಸಿರು. ಆ ಉಸಿರು ಕೇಳಿದಾಗಲೆಲ್ಲ ಅವನಿಗೆ ನಿಂತುಬಿಡೋಣ ಅನ್ನಿಸುತ್ತಿತ್ತು. ನಿಂತರೆ ಅವಳೂ ನಿಲ್ಲುತ್ತಾಳಲ್ಲ. ಮಧ್ಯೆ ಮಧ್ಯೆ ಅಕ್ಕ ತಪಾಸಣೆಯನ್ನೂ ನಡೆಸಿದಳು: ಎಡಗೈ ಸುಮ್ಮನೆ ಜೋತಾಡುತ್ತಿದೆ, ತಿರುಗುವಾಗ ಮೋಸ ಮಾಡಿ ಗೋಡೆ ಮುಟ್ಟುತ್ತಿಲ್ಲ, ಆ ಸುತ್ತು ಲೆಕ್ಕಕ್ಕಿಲ್ಲ. ಸ್ಟೂಲಿಗೆ ಎಡವಿ ಕಿರುಬೆರಳು ಊದಿಸಿಕೊಂಡರೂ ಅವಳು ಬಿಡಲಿಲ್ಲ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ನಲವತ್ತು ಸಲ, ಶುಕ್ರವಾರ ಸಂಜೆಯವರೆಗೆ.

ಶನಿವಾರ ಫಿಸಿಯೋಥೆರಪಿಯ ಡಾಕ್ಟರಮ್ಮ ಕೋನಮಾಪಕ ಇಟ್ಟು ನೋಡಿದರು. ಎಂಬತ್ತೆಂಟು. ಎರಡು ಕಮ್ಮಿ. ಕಳೆದುಹೋದ ನಾಲ್ಕು ಬೆಳಗುಗಳಲ್ಲಿ ಆ ಎರಡು ಡಿಗ್ರಿ ಸಿಕ್ಕಿರುತ್ತಿರಲಿಲ್ಲವೇ? ಗುಮಾಸ್ತ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರಮ್ಮನೇ, ಮಂಡಿ ಬಗ್ಗುತ್ತಿದೆ, ಥಿಯೇಟರ್ ಬೇಡ, ಇನ್ನು ಹತ್ತು ದಿನ ಹೀಗೇ ಮುಂದುವರಿಯಲಿ ಎಂದರು. ಹತ್ತು ದಿನದೊಳಗೆ ಓಟದ ಭಾನುವಾರ ಬಂದು ಹೋಗುತ್ತಿತ್ತು. "ನಾನಿರ್ತೀನಿ" ಎಂದ ಗುಮಾಸ್ತ. ಅಕ್ಕ ಮಂಡಿಯ ಮೇಲೆ ಸೀರೆ ಸರಿಮಾಡಿಕೊಂಡಳು.

"ಎಪ್ಪತ್ತರಲ್ಲಿ ನಿಂತಿದ್ದು ಇಷ್ಟು ಬೇಗ ಇಷ್ಟು ಬಂದಿದೆಯಲ್ಲ, ಮನೇಲಿ ಏನು ವ್ಯಾಯಾಮ ಮಾಡಿದ್ರಿ ಅಮ್ಮ?" ಡಾಕ್ಟರಮ್ಮ ಕೇಳಿದರು.

"ನಾನು ಕೂತಿದ್ದೆ," ಎಂದಳು ಅಕ್ಕ. "ಇವನು ಓಡಿದ."