ಫ್ರಾನ್ಸಿನ ರಾಜನನ್ನು ನಾನು ಸೋಲಿಸಿದ ಶುಕ್ರವಾರ

ಕತಾರಿನಲ್ಲಿರುವ ನಮ್ಮ ಊರಿನವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ನನ್ನದೊಂದು ವೀಡಿಯೋ ಈಗಲೂ ತಿರುಗುತ್ತಿದೆ. ಅದರಲ್ಲಿ ನಾನು ಬಿಳಿ ಪಂಚೆ ಉಟ್ಟು, ಶಾಲು ಹೊದ್ದು, ಫ್ರಾನ್ಸಿನ ರಾಜನನ್ನು ವಿಚಾರಣೆ ಮಾಡುತ್ತಿದ್ದೇನೆ. ಎದುರಿಗೆ ರಾಜನಾಗಿ ಕುಳಿತವರು ಮಾತು ನಿಲ್ಲಿಸುತ್ತಾರೆ, ಜನ ಚಪ್ಪಾಳೆ ಹೊಡೆಯುತ್ತಾರೆ, ಅಲ್ಲಿಗೆ ವೀಡಿಯೋ ಮುಗಿಯುತ್ತದೆ. ಅಲ್ ವಕ್ರಾದಲ್ಲಿ ನಮ್ಮ ಮನೆ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ಪರಿಚಯವಿಲ್ಲದವರೂ ನಿಲ್ಲಿಸಿ ಕೈ ಕುಲುಕಿದ್ದುಂಟು. ಅವರು ಹೊಗಳಿದಷ್ಟೂ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ. ನಾನು ಮಾಡಿದ್ದು ತಪ್ಪು ಎಂದು ಹೇಳಿದರೆ ಅದನ್ನು ವಿನಯ ಎಂದುಕೊಳ್ಳುತ್ತಾರೆ.

ತಾಳಮದ್ದಳೆ ಕೇಳದವರಿಗಾಗಿ ಒಂದು ಮಾತು. ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ತೆಗೆದರೆ ಉಳಿಯುವುದು ಇದು. ಹಾಡುಗಾರರಾದ ಭಾಗವತರು ಪ್ರಸಂಗದ, ಅಂದರೆ ಆ ಕಥೆಯ, ಒಂದು ಪದ್ಯ ಹಾಡುತ್ತಾರೆ. ಅದರ ಆಧಾರದ ಮೇಲೆ ಪಾತ್ರಧಾರಿಗಳು ಕುಳಿತಲ್ಲೇ ವಾದಕ್ಕಿಳಿಯುತ್ತಾರೆ. ಮಾತನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ, ಆಯಾ ಹೊತ್ತಿಗೆ ಹೊಳೆದದ್ದೇ ಮಾತು. ಇದನ್ನು ನಾವು ಅರ್ಥ ಹೇಳುವುದು ಎನ್ನುತ್ತೇವೆ. ವಾದ ದಾರಿ ತಪ್ಪುತ್ತಿದೆ ಎಂದು ಕಂಡರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ಪದ್ಯ ಎದ್ದಿತೆಂದರೆ ಎಂಥ ಮಾತುಗಾರನೂ ಬಾಯಿ ಮುಚ್ಚಬೇಕು, ಅದು ಕಟ್ಟುನಿಟ್ಟು.

ನನಗೆ ಅರ್ಥ ಹೇಳಲು ಕಲಿಸಿದವರು ಆ ದಿನ ರಾಜನಾಗಿ ಕುಳಿತಿದ್ದ ಹಿರಿಯರೇ. ಉಡುಪಿ ಕಡೆಯವರು. ನಾನು ಅಣ್ಣ ಎಂದು ಕರೆಯುತ್ತಿದ್ದೆ. ನಮ್ಮಿಬ್ಬರಿಗೂ ಒಂದೇ ಕಂಪನಿಯಲ್ಲಿ ಕೆಲಸ. ಕಟ್ಟಡ ಕಟ್ಟುವ ಆ ಕಂಪನಿಯಲ್ಲಿ ಅವರು ಎಚ್‌ಆರ್ ಮ್ಯಾನೇಜರ್, ನಾನು ನಕ್ಷೆಗಳನ್ನು ನೋಡಿಕೊಳ್ಳುವವನು. ಆಫೀಸು ಮುಗಿಸಿ ಅಲ್ ಮುಂತಜಾದ ಅವರ ಹಳೆಯ ಫ್ಲ್ಯಾಟಿನಲ್ಲಿ ಕುಳಿತು ಚಾ ಕುಡಿಯುತ್ತ ಅಭ್ಯಾಸ ಮಾಡುತ್ತಿದ್ದೆವು. ನಾನು ಮುಂಗೋಪಿ, ಗೆಲ್ಲುವ ಚಪಲದವನು. ಎದುರಿನವನಿಗೆ ಉತ್ತರಕ್ಕೆ ಎಡೆ ಬಿಡದ ಪ್ರಶ್ನೆ ಕೇಳಬಾರದು, ಅವನ ಬಾಯಿ ಮುಚ್ಚಿಸಿದವನು ಗೆದ್ದ ಹಾಗಲ್ಲ, ಪ್ರಸಂಗ ಕೆಡಿಸಿದ ಹಾಗೆ ಎಂದು ಅವರು ನನಗೆ ಎಷ್ಟು ಸಲ ಹೇಳಿದ್ದರೋ. ನಾನು ತಲೆಯಾಡಿಸಿ ಮತ್ತೆ ಅದನ್ನೇ ಮಾಡುತ್ತಿದ್ದೆ.

ಎರಡು ವರ್ಷದ ಹಿಂದೆ ಕಂಪನಿಗೆ ಕೆಲಸ ಕಡಿಮೆಯಾಯಿತು. ದೊಡ್ಡ ಪ್ರಾಜೆಕ್ಟುಗಳು ಮುಗಿದಿದ್ದವು, ಹೊಸತು ಬರಲಿಲ್ಲ. ಜನರನ್ನು ತೆಗೆಯುವ ತೀರ್ಮಾನ ಮೇಲಿನವರದ್ದು, ಪತ್ರಕ್ಕೆ ಸಹಿ ಅಣ್ಣನದ್ದು. ಕೆಲಸ ಹೋದವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಕೆಲವರು ಶಾಲೆಯ ವರ್ಷದ ನಡುವಿನಲ್ಲೇ ಮಕ್ಕಳನ್ನು ಬಿಡಿಸಿ ಊರಿಗೆ ಹೋದರು. ಕೆಲವರು ಬೇರೆ ಕೆಲಸ ಹುಡುಕುತ್ತ ಇಲ್ಲೇ ಉಳಿದರು. ನಮ್ಮ ವಿಭಾಗದ ಕರಾವಳಿಯವರಲ್ಲಿ ಉಳಿದದ್ದು ನಾನೊಬ್ಬನೇ. ಅದು ಹೇಗೆಂದು ನನಗೆ ಗೊತ್ತಿತ್ತು. ನನ್ನ ಪತ್ರವೂ ಅಣ್ಣನ ಮೇಜಿಗೆ ಹೋಗಿತ್ತು. ಇವನನ್ನು ಕಳಿಸಿದರೆ ಹಳೆಯ ಕಟ್ಟಡಗಳ ನಕ್ಷೆ ಹುಡುಕಿ ಕೊಡುವವರಿಲ್ಲ ಎಂದು ಅವರು ಮೇಲಿನವರೊಡನೆ ವಾದ ಮಾಡಿ, ಸಹಿ ಹಾಕದೆ ಹಿಂದಕ್ಕೆ ಕಳಿಸಿದ್ದರು. ಇದನ್ನು ನನ್ನ ಕಿವಿಗೆ ಹಾಕಿದ್ದು ನಮ್ಮ ವಿಭಾಗದ ಮುಖ್ಯಸ್ಥರಾದ ಮಲಯಾಳಿ ಎಂಜಿನಿಯರ್. ಅಣ್ಣ ಒಂದು ದಿನವೂ ಅದರ ಮಾತೆತ್ತಲಿಲ್ಲ. ನಾನೂ ಉಪಕಾರವಾಯಿತು ಎನ್ನಲಿಲ್ಲ. ಎಂದರೆ ಋಣ ಒಪ್ಪಿಕೊಂಡ ಹಾಗಾಗುತ್ತದಲ್ಲ, ಅದಕ್ಕೆ.

ಆಮೇಲೆ ಜನ ನನ್ನನ್ನು ನೋಡುವ ರೀತಿ ಬದಲಾಯಿತು. ನಿನಗೇನು ಬಿಡು, ಮ್ಯಾನೇಜರರ ಶಿಷ್ಯ ಎಂದು ಕೆಲಸ ಹೋದವರು ನಗುತ್ತ ಹೇಳುತ್ತಿದ್ದರು. ಅದು ತಮಾಷೆಯಲ್ಲ ಎಂದು ಹೇಳಿದವರಿಗೂ ಗೊತ್ತಿತ್ತು, ಕೇಳಿದ ನನಗೂ ಗೊತ್ತಿತ್ತು. ನಮ್ಮ ಊರಿನವರ ಸಂಘದ ಕಾರ್ಯಕ್ರಮಗಳಲ್ಲಿ ಅಣ್ಣನ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು. ಒಮ್ಮೊಮ್ಮೆ ನಾನೂ ಬೇರೆ ಕಡೆ ಕುಳಿತೆ.

ಇಂಥ ಹೊತ್ತಿನಲ್ಲಿ ಫ್ರಾನ್ಸಿನ ಕ್ರಾಂತಿ ನಮ್ಮ ಮನೆಗೆ ಬಂದದ್ದು ಮಗಳ ಒಂಬತ್ತನೇ ಕ್ಲಾಸಿನ ಪಾಠವಾಗಿ. ಪಪ್ಪಾ, ಕಿಂಗ್ ಗುಡ್-ಆ, ಬ್ಯಾಡ್-ಆ, ಒಂದು ಹೇಳಿ, ಬರೀಬೇಕು ಎಂದು ಅವಳು ಕೇಳಿದಳು. ನನಗೆ ಹೇಳಲಾಗಲಿಲ್ಲ. ಓದತೊಡಗಿದೆ, ಓದಿದ್ದನ್ನು ಅಣ್ಣನಿಗೆ ಹೇಳತೊಡಗಿದೆ, ಅವರೂ ಓದಿದರು. ಓದಿದಷ್ಟೂ ಗೋಜಲು. ರೊಟ್ಟಿಯಿಲ್ಲದೆ ಹಸಿದ ಬಡವರು ಎದ್ದರು ಎಂದು ಒಬ್ಬ ಪಂಡಿತ ಬರೆದರೆ, ಎಬ್ಬಿಸಿದವರು ಹೊಟ್ಟೆ ತುಂಬಿದ ವಕೀಲರು ಎಂದು ಇನ್ನೊಬ್ಬ. ರೊಟ್ಟಿಯಿಲ್ಲದಿದ್ದರೆ ಕೇಕ್ ತಿನ್ನಲಿ ಎಂದು ರಾಣಿ ಹೇಳಿದಳೆಂದು ನಮ್ಮೂರಿನ ಶಾಲೆಯಲ್ಲೂ ಮೇಷ್ಟ್ರು ಹೇಳಿದ್ದರು. ಅವಳು ಹಾಗೆ ಹೇಳಿದ್ದಕ್ಕೆ ಆಧಾರವೇ ಇಲ್ಲವಂತೆ. ಪಶ್ಚಿಮದ ಒಂದು ಸೀಮೆಯ ರೈತರು ತಮ್ಮ ಪಾದ್ರಿಗಳಿಗಾಗಿ, ರಾಜನಿಗಾಗಿ ದಂಗೆ ಎದ್ದಾಗ, ಜನರ ಹೆಸರಿನಲ್ಲಿ ಬಂದ ಸೈನ್ಯವೇ ಆ ಜನರ ಹಳ್ಳಿಗಳನ್ನು ಸುಟ್ಟಿತು. ಅದನ್ನು ಯುದ್ಧ ಎನ್ನಬೇಕೋ ನರಮೇಧ ಎನ್ನಬೇಕೋ ಎಂದು ಫ್ರೆಂಚರು ಇವತ್ತಿಗೂ ಜಗಳವಾಡುತ್ತಾರೆ. ರಾಜನ ವಿಷಯವಂತೂ ಕೇಳುವುದೇ ಬೇಡ. ಒಂದು ಪುಸ್ತಕದಲ್ಲಿ ಆತ ಪರದೇಶದ ಸೈನ್ಯದ ದಾರಿ ಕಾಯುತ್ತಿದ್ದ ದ್ರೋಹಿ, ಇನ್ನೊಂದರಲ್ಲಿ ಬೀಗ ರಿಪೇರಿ ಮಾಡುತ್ತ ಕೂರಲು ಇಷ್ಟಪಡುತ್ತಿದ್ದ, ತಪ್ಪು ಕಾಲದಲ್ಲಿ ಪಟ್ಟಕ್ಕೆ ಬಂದ ಸಾಧು ಮನುಷ್ಯ.

ಅಣ್ಣನಿಗೆ ಇದು ಹಬ್ಬ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲೇ ಆದರೂ ಇತಿಹಾಸ, ಪುರಾಣ ಬಂದರೆ ಅವರು ಕನ್ನಡಕ್ಕೆ ತಿರುಗುತ್ತಿದ್ದರು.

"ಪುರಾಣದಲ್ಲಾದ್ರೆ ಕೊನೆಯೂ ಗೊತ್ತುಂಟು, ತೀರ್ಪೂ ಗೊತ್ತುಂಟು. ಇಲ್ಲಿ ತಲೆ ಹೋಗಿ ಇನ್ನೂರು ಚಿಲ್ಲರೆ ವರ್ಷ ಆಯ್ತು, ತೀರ್ಪು ಇನ್ನೂ ಆಗ್ಲಿಲ್ಲ ನೋಡು," ಎಂದರು. "ಇದನ್ನೇ ಪ್ರಸಂಗ ಮಾಡುವ ಮಾರಾಯ."

ನಮ್ಮ ತಂಡದ ಭಾಗವತರು ನಾಲ್ಕಾರು ಪದ್ಯ ಹೊಸೆದರು. ರಾಜನ ಮೇಲೆ ಆರೋಪ ಹೊರಿಸುವ ಜನಪ್ರತಿನಿಧಿಯ ಪಾತ್ರ ನನಗೆ ಬಂತು. ರಾಜನ ಪಾತ್ರವನ್ನು ಅಣ್ಣ ತಾವಾಗಿ ತೆಗೆದುಕೊಂಡರು. ಬೈಸಿಕೊಳ್ಳುವ ಪಾತ್ರ ತನಗಿರಲಿ, ಈಗೀಗ ಅಭ್ಯಾಸವಾಗಿದೆ ಎಂದು ನಕ್ಕರು. ಆ ನಗುವಿನ ಹಿಂದೆ ಏನಿತ್ತೆಂದು ಕೇಳುವ ಮನಸ್ಸು ನನಗಾಗಲಿಲ್ಲ.

ಮದೀನತ್ ಖಲೀಫಾದ ಒಬ್ಬರ ವಿಲ್ಲಾದ ಹಾಲಿನಲ್ಲಿ ಶುಕ್ರವಾರ ಮಧ್ಯಾಹ್ನ ಕಾರ್ಯಕ್ರಮ. ಎಸಿ ಸಾಲದಷ್ಟು ಜನ. ಕೆಲಸ ಹೋದವರು ಬಾಗಿಲ ಪಕ್ಕದಲ್ಲಿ ಒಟ್ಟಿಗೆ ಕುಳಿತಿದ್ದರು. ಅಣ್ಣ ಅವರಿಗೂ ಕೈ ಮುಗಿದು ಬಂದು ಕುಳಿತರು. ಈ ಒಂದು ಜಾಗದಲ್ಲಾದರೂ ತನ್ನವರು ತನ್ನ ಮಾತು ಕೇಳುತ್ತಾರೆ ಎಂಬ ಆಸೆ ಅವರಿಗಿತ್ತು. ಬೇರೆಲ್ಲ ಕಡೆ ಅವರು ಸಹಿ ಹಾಕಿದ ಮ್ಯಾನೇಜರ್ ಮಾತ್ರ ಆಗಿಬಿಟ್ಟಿದ್ದರು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ವಾದ ಶುರುವಾಗಿ ಸ್ವಲ್ಪ ಹೊತ್ತಿಗೇ ನಾನು ಸೋಲತೊಡಗಿದೆ. ಖಜಾನೆ ಬರಿದಾದದ್ದು ನಿನ್ನ ಕಾಲದಲ್ಲಿ ಎಂದರೆ, ಬರಿದು ಮಾಡಿದವರು ತನ್ನ ಹಿಂದಿನವರು, ತನಗೆ ಬಂದದ್ದು ಬರಿಯ ಬೀಗದ ಕೈ ಎಂದರು. ಮಾರುವೇಷದಲ್ಲಿ ಓಡಿಹೋದೆ ಎಂದರೆ, ಬಾಗಿಲಲ್ಲಿ ಕೋವಿ ಹಿಡಿದು ನಿಂತವರು ತನ್ನನ್ನು ರಾಜ ಎನ್ನುತ್ತಿದ್ದರೋ ಕೈದಿ ಎನ್ನುತ್ತಿದ್ದರೋ ಎಂದು ನನ್ನನ್ನೇ ಕೇಳಿದರು. ಕೊನೆಗೆ ಎರಡೂ ಕೈ ಚಾಚಿ, "ನಿಮ್ಮ ಶಾಸನಗಳಿಗೆ ಸಹಿ ಹಾಕಿದರೆ ಹೇಡಿಯೆಂದಿರಿ, ಹಾಕದಿದ್ದರೆ ದ್ರೋಹಿಯೆಂದಿರಿ. ಈ ಕೈ ಏನು ಮಾಡಬೇಕಿತ್ತು, ನೀವೇ ಹೇಳಿ," ಎಂದರು. ಬಾಗಿಲ ಬಳಿ ಕುಳಿತವರ ಮುಖವೂ ಸಡಿಲಾಗಿತ್ತು. ಅವರಲ್ಲೊಬ್ಬರು ತಲೆದೂಗಿದ್ದನ್ನು ನಾನು ಕಂಡೆ.

ಅದನ್ನು ಕಂಡು ನನಗೆ ಕಿಚ್ಚೆದ್ದಿತು. ಸೋಲುತ್ತಿದ್ದೇನೆ ಎಂಬುದು ಒಂದು. ನಾನು ಇವರ ಶಿಷ್ಯನಲ್ಲ, ನಿಮ್ಮವನು ಎಂದು ಬಾಗಿಲ ಬಳಿಯವರಿಗೆ ತೋರಿಸಬೇಕೆಂಬುದು ಇನ್ನೊಂದು. ಭಾಗವತರು ನನ್ನ ಮುಖ ನೋಡಿಯೋ ಏನೋ, ಮುಂದಿನ ಪದ್ಯಕ್ಕೆ ತಾಳ ಎತ್ತಿದರು. ನಾನು ಕೈ ಅಡ್ಡ ಹಿಡಿದು ತಡೆದೆ. ಪದ್ಯಕ್ಕೆ ಕೈ ಅಡ್ಡ ಹಿಡಿಯುವುದನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ.

"ರಾಜನೇ, ನಿನ್ನ ಒಂದೊಂದು ಸಹಿಗೆ ಒಂದೊಂದು ಮನೆಯ ಒಲೆ ಆರಿತು. ಮಕ್ಕಳ ಪಾಠ ನಡುವಿನಲ್ಲೇ ಬಿಡಿಸಿ, ಗಂಟುಮೂಟೆ ಕಟ್ಟಿಕೊಂಡು ಹೋದವರಿದ್ದಾರೆ. ನೀನು ಸಹಿ ಹಾಕದೆ ಉಳಿಸಿದವನು ಒಬ್ಬನಾದರೂ ಇದ್ದರೆ, ಈ ಸಭೆಗೆ ಅವನನ್ನು ತೋರಿಸು."

ಇದು ಫ್ರಾನ್ಸಿನ ಮಾತಲ್ಲ ಎಂದು ಹಾಲಿನಲ್ಲಿದ್ದ ಎಲ್ಲರಿಗೂ ತಿಳಿಯಿತು. ಅಣ್ಣ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದವರ ಹಾಗೆ ನೋಡಿದರು. ಬಾಯಿ ತೆರೆದರು, ಮತ್ತೆ ಮುಚ್ಚಿದರು. ಶಾಲು ಸರಿಮಾಡಿಕೊಂಡು ತಲೆ ತಗ್ಗಿಸಿ ಕುಳಿತರು. ಬಾಗಿಲ ಕಡೆಯಿಂದ ಶುರುವಾದ ಚಪ್ಪಾಳೆ ಇಡೀ ಹಾಲಿಗೆ ಹಬ್ಬಿತು. ಗಿಲೊಟಿನ್ ಕಟ್ಟೆಯ ಮೇಲೆ ರಾಜ ಏನೋ ಹೇಳಲು ಹೊರಟಾಗ ನಗಾರಿ ಬಾರಿಸಿ ಅವನ ದನಿ ಮುಚ್ಚಿದರಂತೆ. ಬಾರಿಸಲು ಹೇಳಿದ್ದು ಯಾರು ಎಂಬುದಕ್ಕೂ ಜಗಳವಿದೆ. ನಮ್ಮ ಹಾಲಿನಲ್ಲಿ ಅಂಥ ಜಗಳಕ್ಕೆ ಜಾಗವಿರಲಿಲ್ಲ, ದನಿ ಮುಚ್ಚಿದವನು ನಾನೇ.

ಕಾರ್ಯಕ್ರಮ ಮುಗಿದ ಮೇಲೆ ವಾದ ಮಾಡಿದವರು ಅಕ್ಕಪಕ್ಕ ಕುಳಿತು ಉಣ್ಣುವುದು ರೂಢಿ. ಅಣ್ಣ ಬಂದು ನನ್ನ ಪಕ್ಕವೇ ಕುಳಿತರು. ಉಪ್ಪಿನಕಾಯಿ ಬೇಕಾ ಎಂದು ಕೇಳಿದರು. ಕೆಲಸ ಹೋದವರಲ್ಲೊಬ್ಬರು ಹಿಂದಿನಿಂದ ಬಂದು ನನ್ನ ಹೆಗಲು ಹಿಡಿದು, ನಮ್ಮ ಹೊಟ್ಟೆಯಲ್ಲಿದ್ದದ್ದನ್ನು ಆಡಿಬಿಟ್ಟೆ, ಖಲಾಸ್ ಮಾಡಿಬಿಟ್ಟೆ ಎಂದು ಕಣ್ಣೊರೆಸಿಕೊಂಡರು. ಅಣ್ಣ ಮಜ್ಜಿಗೆ ಕುಡಿದು ಎದ್ದು ಹೋದರು. ಉಂಡ ಮನೆಯ ಜಂತೆ ಎಣಿಸುವವರನ್ನು ನಾನು ಎಷ್ಟೋ ಸಲ ಬೈದಿದ್ದೆ, ಆ ದಿನ ಎಣಿಸಿದವನು ನಾನಾಗಿದ್ದೆ.

ಅವರು ಮತ್ತೆ ಅರ್ಥ ಹೇಳಲು ಕೂರಲಿಲ್ಲ. ಗಂಟಲು ಸರಿಯಿಲ್ಲ ಎಂದರು. ಆಫೀಸಿನ ಲಿಫ್ಟಿನಲ್ಲಿ ಸಿಕ್ಕರೆ ಮಗಳ ಪರೀಕ್ಷೆ ಹೇಗಾಯಿತೆಂದು ವಿಚಾರಿಸುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಗುಂಪಿನಲ್ಲಿ ವೀಡಿಯೋ ಬಂದಾಗಲೆಲ್ಲ, ನನ್ನ ಕೆಲಸ ಉಳಿಸಿದವರು ಇವರೇ ಎಂದು ಒಂದು ಸಾಲು ಬರೆದರೆ ಸಾಕಿತ್ತು. ಟೈಪ್ ಮಾಡುತ್ತಿದ್ದೆ, ಅಳಿಸುತ್ತಿದ್ದೆ. ಅವರು ವಾದ ಮಾಡಿ ಉಳಿಸಿದ್ದು ನನ್ನೊಬ್ಬನನ್ನೇ ಎಂದು ಕೆಲಸ ಹೋದವರ ಎದುರು ಹೇಳುವ ಧೈರ್ಯ ಬರಲಿಲ್ಲ. ಕಳೆದ ವರ್ಷದ ಕೊನೆಗೆ ಕಂಪನಿ ಅಣ್ಣನನ್ನೂ ತೆಗೆಯಿತು. ಮಾಡಿದ್ದುಣ್ಣೋ ಮಹರಾಯ ಎಂದು ಗುಂಪಿನಲ್ಲಿ ಯಾರೋ ಬರೆದರು, ಬಹಳ ಜನ ನಕ್ಕರು. ಊರಿಗೆ ಹೋಗುವವರಿಗೆಲ್ಲ ಶಾಲು ಹೊದಿಸಿ ಬೀಳ್ಕೊಡುವ ಸಂಘ, ಅವರಿಗೆ ಬೀಳ್ಕೊಡುಗೆ ಇಡಲೇ ಇಲ್ಲ. ಇಡಬೇಕೆಂದು ನಾನೂ ಒತ್ತಾಯಿಸಲಿಲ್ಲ.

ಅವರು ಊರಿಗೆ ಹೊರಡುವ ಹಿಂದಿನ ದಿನ ಸಂಜೆ ಅಲ್ ಮುಂತಜಾಕ್ಕೆ ಹೋದೆ. ಅಣ್ಣ ನೆಲದ ಮೇಲೆ ಕುಳಿತು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ನಾನು ನಿಂತೇ ತಪ್ಪಾಯಿತು ಎಂದೆ. ಯಾವುದು ಎಂದು ಅವರು ಕೇಳಲಿಲ್ಲ. ಸಭೆಯಲ್ಲಿ ಆಡಿದ್ದು ಸಭೆಗೆ, ಅದನ್ನು ಮನೆಗೆ ತರಬಾರದು ಎಂದು ತಳ್ಳಿಹಾಕಿದರು. ನಾನು ಹೋಗದೆ ಅಲ್ಲೇ ನಿಂತಿರುವುದು ಕಂಡು, ಟೇಪು ಕೆಳಗಿಟ್ಟರು.

"ಉತ್ತರ ಇರ್ಲಿಲ್ಲ ಅಂತ ಎಣಿಸ್ಬೇಡ. ನಾಲಗೆ ತುದಿಯಲ್ಲಿತ್ತು. ಅವ ನೀನೇ ಅಂತ ಹೇಳಿದ್ರೆ ನಿನಗೆ ಮತ್ತೆ ಕೆಲಸ ಹೋದವರೊಟ್ಟಿಗೆ ಕೂತ್ಕೊಳ್ಲಿಕ್ಕೆ ಆಗ್ತಿರ್ಲಿಲ್ಲ."

"ಗೊತ್ತಿತ್ತು ಅಣ್ಣ," ಎಂದೆ.

"ಎಂತ ಗೊತ್ತಿತ್ತು?"

"ಉತ್ತರ ಉಂಟು ಅಂತ. ನೀವು ಅದನ್ನು ಹೇಳುವುದಿಲ್ಲ ಅಂತಲೂ ಗೊತ್ತಿತ್ತು. ಅದಕ್ಕೇ ಕೇಳಿದ್ದು."

ಬೈಯಲಿ ಎಂದು ಕಾದೆ.

"ಹಾಗಾದ್ರೆ, ರಾಜ ಕೆಟ್ಟವ ಅಲ್ಲ ಅಂತ ಆ ಸಭೆಯಲ್ಲಿ ಸರಿಯಾಗಿ ಗೊತ್ತಿದ್ದವ ನೀನೊಬ್ಬನೇ," ಎಂದರು.

ಆಮೇಲೆ ಪೆಟ್ಟಿಗೆಯ ಮುಚ್ಚಳ ಒತ್ತಿ ಹಿಡಿಯಲು ಹೇಳಿದರು. ನಾನು ಕುಳಿತು ಎರಡೂ ಕೈಯಲ್ಲಿ ಒತ್ತಿ ಹಿಡಿದೆ, ಅವರು ಟೇಪು ಸುತ್ತಿದರು.