ಬಿಸಿಯಕ್ಕನ ಕಾಲರ್ ಮೈಕು

ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಎನ್ನುತ್ತಾರೆ. ಬಿಸಿಯಕ್ಕನಿಗೆ ಬುದ್ಧಿ ಮೊದಲೇ ಇತ್ತು, ಹೊಟ್ಟೆ ಆಮೇಲೆ ಕೆಟ್ಟಿತು. ಅದೂ ಎಲ್ಲಿ? ಬಸ್ ಡಿಪೋದ ಸಭಾಂಗಣದಲ್ಲಿ, ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೆಲ್ಲರ ಎದುರು, "ಹೊರಗೆ ಬಿಟ್ಟ ಅನ್ನದಲ್ಲಿ ಕ್ರಿಮಿ ಬೆಳೆದು ವಿಷ ಬಿಟ್ಟಿರತ್ತೆ, ಮತ್ತೆ ಕಾಯ್ಸಿದ್ರೂ ಅದು ಹೋಗಲ್ಲ" ಎಂದು ಭಾಷಣ ಬಿಗಿಯುತ್ತಿದ್ದಾಗ. ಕಾಲರ್ ಮೈಕಿನಲ್ಲಿ ಗುಡುಗು ಕೇಳಿಸಿತು.

"ಗಾಡಿ ಸ್ಟಾರ್ಟ್ ಆಯ್ತು!" ಎಂದ ಹಿಂದಿನ ಸಾಲಿನ ಮೆಕ್ಯಾನಿಕ್ಕು.

ಅಕ್ಕ ಏಪ್ರನ್ ಎತ್ತಿಕೊಂಡು ಶೌಚಾಲಯಕ್ಕೆ ಓಡಿದಳು. ಮೈ ಓಡಿದ ಕಡೆ ಮೈಕೂ ಓಡಿತು.

ಡಿಪೋದ ಕ್ಯಾಂಟೀನು ನಡೆಸುವ ಈಕೆಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಹಬೆಯಾಡದ ತಟ್ಟೆ ಅವಳ ಕಿಟಕಿ ದಾಟದು. ಹಸಿ ಮಾಂಸದ ಚಾಕು ತರಕಾರಿ ಮಣೆ ಮುಟ್ಟಿದರೆ ಸೌಟು ಗಾಳಿಯಲ್ಲಿ ಹಾರುತ್ತದೆ. ಸದಾ ಬಿಸಿ, ಹಾಗಾಗಿ ಸದಾ ಬಿಜಿ. ಆದರೆ ಹೊಸ ಮ್ಯಾನೇಜರಿಗೆ ಕ್ಯಾಂಟೀನನ್ನು ಹೊರಗಿನ ಕಂಟ್ರಾಕ್ಟರಿಗೆ ಒಪ್ಪಿಸುವ ಹಂಬಲ. "ನಿಮ್ಮ ಶುಚಿತ್ವ ಏನು ಅಂತ ಎಲ್ರ ಮುಂದೆ ಹೇಳಿ, ಆಮೇಲೆ ನೋಡೋಣ" ಎಂದಿದ್ದರು. ಅವಳ ಅರ್ಧ ಆಯುಷ್ಯದ ಒಲೆ ಆ ಒಂದು ಭಾಷಣದ ಮೇಲೆ ಕೂತಿತ್ತು.

ಸಭೆ ಕಿವಿ ನಿಮಿರಿಸಿತು. ಸ್ಪೀಕರಿನಲ್ಲಿ ಚಿಲಕ ಬಿದ್ದ ಸದ್ದು. "ಅಯ್ಯೋ ದೇವ್ರೇ" ಎಂಬ ಪ್ರಾರ್ಥನೆ. ಮುಂದಿನ ಕಾರ್ಯಕ್ರಮ ಅಚ್ಚಿಗೆ ಯೋಗ್ಯವಲ್ಲ. ಮೈಕ್ ಆರಿಸಬೇಕಾದವನು ನಕ್ಕು ನಕ್ಕು ನೆಲಕ್ಕೊರಗಿದ್ದ. ಕೊನೆಗೆ ನಲ್ಲಿ ಸುರಿಯಿತು. ಸೋಪಿನ ಚಪಚಪ, ಉಗುರು ಬ್ರಷ್ಷಿನ ಕರಕರ. ಮತ್ತೆ ನಲ್ಲಿ. ಮತ್ತೆ ಸೋಪು. ಮತ್ತೂ ಬ್ರಷ್ಷು. ನಗು ಮೆಲ್ಲಗೆ ಬೆರಗಾಯಿತು.

"ಕೈ ತೊಳೀತಿದಾಳೋ, ಬಸ್ಸು ತೊಳೀತಿದಾಳೋ?" ಎಂದ ಒಬ್ಬ ಡ್ರೈವರು. ಬೆಳಿಗ್ಗೆ ಕ್ಯಾಂಟೀನಿನಲ್ಲಿ ತಿಂದವರು ಮಾತ್ರ ಗುಟ್ಟಾಗಿ ಹೊಟ್ಟೆ ಸವರಿಕೊಳ್ಳುತ್ತಿದ್ದರು.

ಅಕ್ಕ ಬಂದಳು, ಟೊಮ್ಯಾಟೊ ಮುಖ ಹೊತ್ತು. ಮ್ಯಾನೇಜರು ಎದ್ದು ನಿಂತರು. "ಇದು ಕ್ಯಾಂಟೀನ್ ಊಟದ ಪ್ರಭಾವಾನಾ?"

"ಅಲ್ಲ ಸಾರ್, ಮನೇದು. ರಾತ್ರಿ ಅನ್ನ ಒಲೆ ಮೇಲೇ ಮರೆತ್ವಿ. ನಮ್ಮನೆಯವ್ರು ಚೆಲ್ಲು ಅಂದ್ರು. ನಾನೇ, ಬಿಸಿ ಮಾಡಿದ್ರೆ ಏನಾಗಲ್ಲ ಅಂತ ತಿಂದೆ." ಅವಳು ಏಪ್ರನ್ ಬಿಚ್ಚಿ ಸಹಾಯಕಿಯ ಕೈಗಿತ್ತಳು. "ಹೊಟ್ಟೆ ಸರಿಹೋಗಿ ಇನ್ನೆರಡು ದಿನ ಕಳೆಯೋವರೆಗೂ ಅಡುಗೆಮನೆಗೆ ಕಾಲಿಡಲ್ಲ. ಅಷ್ಟರಲ್ಲಿ ಕಂಟ್ರಾಕ್ಟರು ಬಂದಿದ್ರೆ, ಕ್ಯಾಂಟೀನಿಂದ ಕೈ ತೊಳ್ಕೊಂಡೆ ಅಂದ್ಕೋತೀನಿ."

"ನೀವು ಕೈ ತೊಳ್ಕೊಂಡಿದ್ದನ್ನ ಇಡೀ ಡಿಪೋ ಕೇಳಿದೆ ಬಿಡಿ!" ಮ್ಯಾನೇಜರು ನಗು ತಡೆಯಲಾರದೆ ಕೂತೇಬಿಟ್ಟರು. "ನಿಜ ಹೇಳಿದ್ರಲ್ಲ, ಒಲೆ ನಿಮ್ಮದೇ. ಯಾವ ಕಂಟ್ರಾಕ್ಟರೂ ಬರಲ್ಲ."

ಚಪ್ಪಾಳೆಗೆ ತಗಡಿನ ಸೂರು ಕುಣಿಯಿತು.

"ಒಂದೇ ಒಂದು ಪ್ರಶ್ನೆ, ಅಕ್ಕ. ಯಾರೂ ನೋಡದ ಜಾಗದಲ್ಲಿ ಅಷ್ಟೊತ್ತು ಕೈ ತೊಳೆದ್ರಲ್ಲ, ಆ ಶಿಸ್ತು ಎಲ್ಲಿ ಕಲಿತ್ರಿ?" ಎಂದರು ಮ್ಯಾನೇಜರು.

"ಶಿಸ್ತೂ ಇಲ್ಲ, ಸುಡುಗಾಡೂ ಇಲ್ಲ ಸಾರ್. ಒಂದ್ಸಲ ತೊಳೆದು ತಲೆ ಎತ್ತಿದ್ರೆ ಕನ್ನಡೀಲಿ ಮೈಕ್ ಕಾಣಿಸ್ತು. ಯಾವ ಮುಖ ಇಟ್ಕೊಂಡು ಆಚೆ ಬರ್ಲಿ ಅಂತ ತೊಳೀತಾನೇ ಇದ್ದೆ."