ಈ ಅಕ್ಕ ನಮಗೆ ಏನಾಗಬೇಕು?

ಪುಟ್ಟೀ, ಚಿನ್ನೂ, ರಜೆಗೆ ಬಂದಾಗ ಕೇಳಿದಿರಲ್ಲ, ಈ ಅಕ್ಕ ನಮಗೆ ಏನಾಗಬೇಕು ಎಂದು? ಬಾಯಿಬಿಟ್ಟು ಹೇಳಲು ನನಗೆ ಸಂಕೋಚ. ಬರೆದಿಡುತ್ತೇನೆ.

ಅವಳಮ್ಮ ನಮ್ಮ ತೋಟಕ್ಕೆ ಕಾಫಿ ಕೊಯ್ಲಿಗೆ ಬರುತ್ತಿದ್ದಳು. ಅಪ್ಪ ಮೊದಲೇ ತೀರಿಹೋಗಿದ್ದ. ಒಂದು ಕೇಸಿನಲ್ಲಿ ಆ ಅಮ್ಮನಿಗೆ ಜೈಲಾಯಿತು. ಯಾವ ಕೇಸೆಂದು ಬರೆಯುವುದಿಲ್ಲ, ಬೇಕಾದರೆ ಅವಳೇ ಹೇಳಲಿ. ಹೋಗುವ ದಿನ ಒಂಬತ್ತು ವರ್ಷದ ಮಗಳನ್ನು ನಮ್ಮ ಜಗಲಿಯಲ್ಲಿ ಕೂರಿಸಿ, “ನೋಡ್ಕೊಳ್ಳಿ ಅಮ್ಮಾ” ಎಂದಳು.

ನೋಡಿಕೊಂಡೆ. ಅದಕ್ಕೂ ಅಪ್ಪಣೆ ಬೇಕೆಂದು ಹೇಳಿದವರು ಅಂಗನವಾಡಿ ಟೀಚರ್. “ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸ್ಬೇಕು. ಅವ್ರು ಒಪ್ಪದಿದ್ರೆ ಬಾಲಮಂದಿರಕ್ಕೆ ಕಳಿಸ್ತಾರೆ.”

ಬಸ್ಸು ಹತ್ತಿ ನಾನೂ ಹುಡುಗಿಯೂ ಚಿಕ್ಕಮಗಳೂರಿಗೆ ಹೋದೆವು. ಸಮಿತಿಯ ಮೇಡಂ ಕೇಳಿದರು, “ಈ ಮಗು ನಿಮಗೆ ಏನಾಗಬೇಕು?”

ಕೆಲಸ ಮಾಡಿಸಲು ಇಟ್ಟುಕೊಂಡಿದ್ದೇನೆಂಬ ಅನುಮಾನವಿರಬೇಕು ಎಂದುಕೊಂಡು ಗಟ್ಟಿಯಾಗಿ ಹೇಳಿದೆ, “ಏನೂ ಆಗ್ಬೇಕಾಗಿಲ್ಲ ಮೇಡಂ!”

ಅವರು ಬರೆದುಕೊಂಡರು. ಹುಡುಗಿ ನನ್ನ ಸೆರಗು ಜಗ್ಗಿದಳು. “ಅಯ್ಯೋ ಮಾರಾಯ್ತಿ ಅಜ್ಜಿ, ಅವ್ರು ಕೇಳಿದ್ದು ಸಂಬಂಧ! ನಾನು ಬೇಡ ಅಂದಂಗಾಯ್ತು!”

ಎಲ್ಲರೂ ನಕ್ಕರು, ಅವಳು ನಗಲಿಲ್ಲ. “ಸಂಬಂಧ ಇಲ್ಲ. ಆದ್ರೆ ಬೇಕು” ಎಂದೆ. ಆಮೇಲೆ ಕುತೂಹಲ ತಡೆಯಲಾರದೆ ಕೇಳಿಯೇಬಿಟ್ಟೆ, “ಸಂಬಂಧ ಇಲ್ದೋರಿಗೆ ಕೊಡಕ್ಕೆ ಕಾನೂನಲ್ಲಿ ಉಂಟಾ?”

“ಉಂಟು. ನೀವು ಯೋಗ್ಯ ವ್ಯಕ್ತಿ ಅಂತ ನಮಗೆ ಗೊತ್ತಾಗ್ಬೇಕು.”

“ಅದು ಹ್ಯಾಗೆ ಗೊತ್ತಾಗುತ್ತೆ?”

“ಮನೆ ನೋಡ್ತೀವಿ. ಇವಳನ್ನ ಕೇಳ್ತೀವಿ, ಇವಳಮ್ಮನ್ನೂ ಕೇಳ್ತೀವಿ.”

ಜೈಲಿನಲ್ಲಿರುವವಳ ಮಾತಿಗೂ ಕಾನೂನು ಕಿವಿಗೊಡುತ್ತದೆ ಎಂಬುದು ನನಗೆ ಹೊಸದು. ಅಷ್ಟಾಗುವವರೆಗೆ ಹುಡುಗಿ ಬಾಲಮಂದಿರದಲ್ಲಿರಲಿ ಎಂದರು. ವಾಪಸು ಬರುವ ಬಸ್ಸಿನಲ್ಲಿ ನಾನೊಬ್ಬಳೇ. ಹೋಗುವಾಗ ತೆಗೆದ ಅವಳ ಬಸ್ ಚೀಟಿ ನನ್ನ ಕೈಲೇ ಉಳಿದಿತ್ತು, ವಸ್ತಾರೆ ದಾಟುವವರೆಗೂ ಅದನ್ನು ಮಡಚಿ ಬಿಡಿಸಿ ಮಾಡುತ್ತಿದ್ದೆ.

ಮನೆ ನೋಡಲು ಬಂದಾಕೆ ಬಚ್ಚಲಿನ ಚಿಲಕ ಹಾಕಿ ತೆಗೆದು ನೋಡಿದರು. ಮಗು ಎಲ್ಲಿ ಮಲಗುತ್ತದೆ, ಅಮ್ಮನ ವಿಷಯ ಬಂದರೆ ಏನು ಹೇಳುತ್ತೀರಿ ಎಂದು ಕೇಳಿದರು. “ಅಮ್ಮ ಜೈಲಲ್ಲಿದ್ದಾಳೆ, ಬರ್ತಾಳೆ ಅಂತೀನಿ” ಎಂದೆ. ಮೂರನೆಯ ವಾರ ಆದೇಶ ಬಂತು. ಅಮ್ಮ ಬಿಡುಗಡೆಯಾಗುವವರೆಗೆ ಹುಡುಗಿ ನಮ್ಮಲ್ಲಿರಬಹುದು, ನಾನು ಅವಳನ್ನು ಆಗಾಗ ಜೈಲಿಗೆ ಕರೆದೊಯ್ದು ಅಮ್ಮನನ್ನು ತೋರಿಸಬೇಕು. ಈಗಲೂ ಕರೆದೊಯ್ಯುತ್ತೇನೆ.

ಆ ಬಿಡುಗಡೆಯ ದಿನ ಅಕ್ಕ ಹೊರಟುನಿಂತರೆ ನೀವು ಅಡ್ಡ ಬರಬೇಡಿ. ಆದೇಶದ ಜೊತೆ ಈ ಹಾಳೆಗಳನ್ನೂ ಟ್ರಂಕಿನಲ್ಲಿ ಜೋಪಾನವಾಗಿಡಿ. ಇಷ್ಟು ದಿನ ಮಗಳು ಹೇಗಿದ್ದಳೆಂದು ಅವಳಮ್ಮ ಕೇಳಿದರೆ, ಅಷ್ಟರಲ್ಲಿ ನಾನಿಲ್ಲದಿದ್ದರೆ, ನೀವೇ ಓದಿ ಹೇಳಿ.